ಎಚ್ಚರಾದೆ ಅಂದುಕೊಂಡರೆ ಅದೂ ಕನಸೇ

ಪ್ರಶ್ನೆ: ನನಗೆ 36 ವರ್ಷ. ಗಂಗಾವತಿ ಹತ್ತಿರದ ಕ್ಯಾಂಪಿನಲ್ಲಿ ಮನೆ. ರೈಸ್ ಮಿಲ್ಲಿನಲ್ಲಿ ಕೆಲಸ, ಕೆಲವು ವಾರ ರಾತ್ರಿ ಪಾಳಿ. ಒಂದು ವರ್ಷದಿಂದ ಒಂದೇ ಕನಸು ಬೀಳುತ್ತಿದೆ. ಎಡದಂಡೆ ಕಾಲುವೆಯ ಏರಿ ಮೇಲೆ ಟ್ರ್ಯಾಕ್ಟರ್, ಟ್ರೇಲರ್‌ನಲ್ಲಿ ನನ್ನ ಆರು ವರ್ಷದ ಮಗ. ಟ್ರ್ಯಾಕ್ಟರ್ ಮಗುಚುತ್ತದೆ, ನನ್ನ ಕಾಲು ಏಳುವುದಿಲ್ಲ. ಮೊದಲೆಲ್ಲ ಇದು ಕನಸು ಅಂತ ಗೊತ್ತಾಗಿ, ಕಣ್ಣು ಗಟ್ಟಿಯಾಗಿ ಮುಚ್ಚಿ ತೆರೆದರೆ ಎಚ್ಚರವಾಗುತ್ತಿತ್ತು. ಈಗ ಹಾಗೆ ಎದ್ದರೆ ನಮ್ಮದೇ ಕೋಣೆ ಕಾಣುತ್ತದೆ, ಹಾಸಿಗೆಯಲ್ಲಿ ಮಗ ಮಾತ್ರ ಇರುವುದಿಲ್ಲ. ಅದೂ ಕನಸೇ! ನಿಜವಾಗಿ ಎದ್ದ ಮೇಲೂ ನಂಬಿಕೆ ಬರದೆ ಅವನನ್ನು ಅಲುಗಾಡಿಸಿ ಎಬ್ಬಿಸುತ್ತೇನೆ. ಹೆಂಡತಿಗೆ ಸಿಟ್ಟು. ಏನು ಕಂಡಿರಿ ಅಂದರೆ ಹೇಳುವುದಿಲ್ಲ. ಬೆಳಗಿನ ಜಾವದ ಕನಸು, ಬಾಯಿಬಿಟ್ಟರೆ ನಿಜವಾದೀತು ಅಂತ ಭಯ. ಅವ್ವ ಅಂಜನಾದ್ರಿಗೆ ಹರಕೆ ಹೊತ್ತಿದ್ದಾಳೆ. ನಿದ್ದೆ ಬರಲಿ ಅಂತ ದಿನಾ ಒಂದು ಕ್ವಾರ್ಟರ್ ಹಾಕುತ್ತೇನೆ. ಬೇಗ ಎಚ್ಚರಾಗುವ ಉಪಾಯ ಇದೆಯಾ? ಹೆಂಡತಿಗೆ ಹೇಳಲೋ ಬೇಡವೋ? ಹೋದ ವರ್ಷ ಕೂಲಿಯವರಿದ್ದ ಟ್ರ್ಯಾಕ್ಟರ್ ಕಾಲುವೆಗೆ ಬಿದ್ದಾಗ ನೀರಿಗಿಳಿದವರಲ್ಲಿ ನಾನೂ ಒಬ್ಬ. ಒಂದು ಮಗುವನ್ನು ಎತ್ತಿದ್ದು ನಾನೇ.

ಉತ್ತರ: ಮೊದಲು ಬೆಳಗಿನ ಜಾವದ ಮಾತು ಮುಗಿಸಿಬಿಡೋಣ. ನಿದ್ದೆಯಲ್ಲಿ ಕಣ್ಣುಗುಡ್ಡೆಗಳು ಪಟಪಟ ಓಡಾಡುವ ಒಂದು ಹಂತ ಇದೆ. ಕಣ್ಣಿಗೆ ಕಟ್ಟಿದಂಥ ಕನಸುಗಳು ಜಾಸ್ತಿ ಬೀಳುವುದು ಆಗಲೇ. ಸುಮಾರು ಒಂದೂವರೆ ಗಂಟೆಗೊಮ್ಮೆ ಅದು ಬರುತ್ತದೆ, ರಾತ್ರಿ ಕಳೆದ ಹಾಗೆ ಉದ್ದವಾಗುತ್ತಾ ಹೋಗುತ್ತದೆ. ನಾಲ್ಕೈದು ಗಂಟೆ ಹೊತ್ತಿಗೆ ಅದರದೇ ದರ್ಬಾರು. ಅದಕ್ಕೇ ಆ ಹೊತ್ತಿನ ಕನಸು ಗಟ್ಟಿಯಾಗಿ ನೆನಪಿರುತ್ತದೆ. ನೆನಪಲ್ಲಿ ಉಳಿದದ್ದು ನಿಜವಾಗುತ್ತದೆ ಅಂತ ಹಿರಿಯರಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ನೀವು ಬಾಯಿಬಿಟ್ಟರೂ ಬಿಡದಿದ್ದರೂ ಕಾಲುವೆಗೆ ಆ ಸುದ್ದಿ ಹೋಗುವುದಿಲ್ಲ.

ಕ್ವಾರ್ಟರ್ ವಿಷಯ ಬರುವುದೂ ಇಲ್ಲೇ. ಮದ್ಯ ಮೊದಲರ್ಧ ರಾತ್ರಿ ಆ ಹಂತವನ್ನು ಅದುಮಿ ಇಡುತ್ತದೆ. ಅಮಲು ಇಳಿದ ಮೇಲೆ ಅದು ಬಡ್ಡಿ ಸಮೇತ ವಾಪಸ್ ಬರುತ್ತದೆ, ಅದೂ ಬೆಳಗಿನ ಜಾವಕ್ಕೆ. ನಿಮ್ಮ ಕನಸಿಗೆ ನೀವೇ ದಿನಾ ದಾರಿ ಮಾಡಿಕೊಡುತ್ತಿದ್ದೀರಿ ಅಲ್ವಾ? ಹಾಗಂತ ತುಂಬಾ ದಿನದ ಅಭ್ಯಾಸವಾಗಿದ್ದರೆ ಇವತ್ತೇ ಒಮ್ಮೆಲೇ ಬಿಡಬೇಡಿ. ಕೈನಡುಕ, ಫಿಟ್ಸ್ ಬರಬಹುದು. ಡಾಕ್ಟರನ್ನು ಕೇಳಿಕೊಂಡೇ ಬಿಡಬೇಕು. ಪಾಳಿ ಬದಲಾಗಿ ನಿದ್ದೆಗೆಟ್ಟ ವಾರಗಳಲ್ಲೂ ಕೆಟ್ಟ ಕನಸು ಹೆಚ್ಚುತ್ತದೆ.

ಇನ್ನು ಎಚ್ಚರಾಗುವ ಉಪಾಯ. ಕನಸಿನ ಹಂತದಲ್ಲಿ ಕೈಕಾಲಿನ ಸ್ನಾಯುಗಳು ಪೂರ್ತಿ ಸಡಿಲವಾಗಿರುತ್ತವೆ. ಕನಸಿನಲ್ಲಿ ಓಡಿದವರು ಎದ್ದು ಗೋಡೆಗೆ ಹಾಯಬಾರದಲ್ಲ! ಉಸಿರಾಟ ಮತ್ತು ಕಣ್ಣುಗಳು ಮಾತ್ರ ಕೆಲಸ ಮಾಡುತ್ತಿರುತ್ತವೆ. 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಎಂಬ ಸಂಶೋಧಕರು ಒಂದು ಪ್ರಯೋಗ ಮಾಡಿದರು. ಕನಸು ಕಾಣುತ್ತಿದ್ದ ವ್ಯಕ್ತಿ ಕಣ್ಣನ್ನು ಎಡಕ್ಕೆ ಬಲಕ್ಕೆ ಹೊರಳಿಸಿ ‘ಇದು ಕನಸು ಅಂತ ನನಗೆ ಗೊತ್ತಿದೆ’ ಎಂದು ಸನ್ನೆ ಕೊಟ್ಟ. ಅದು ಯಂತ್ರದಲ್ಲಿ ದಾಖಲಾಯಿತು. ನೀವು ಯಾರೂ ಹೇಳಿಕೊಡದೆ ಕಣ್ಣಿನ ದಾರಿಯನ್ನೇ ಹಿಡಿದಿದ್ದೀರಿ, ಭೇಷ್. ಕಾಲೆತ್ತಲು ಒದ್ದಾಡಬೇಡಿ. ಕಣ್ಣು ಮಿಟುಕಿಸುತ್ತಾ ಉಸಿರನ್ನು ಜೋರಾಗಿ ಎಳೆದು ಬಿಡಿ.

ಎಚ್ಚರಾದ ಹಾಗೆ ಕನಸು ಬೀಳುವುದು ಎಷ್ಟೋ ಜನರಿಗೆ ಆಗುತ್ತದೆ. ತಲೆ ಕೆಟ್ಟಿದೆ ಅಂತ ಹೆದರಬೇಡಿ. ಹಾಸಿಗೆಯ ಎದುರು ದೊಡ್ಡ ಅಂಕಿಯ ಕ್ಯಾಲೆಂಡರ್ ತೂಗುಹಾಕಿ. ಎದ್ದ ಕೂಡಲೇ ದೀಪ ಹಾಕಿ ತಾರೀಖು ಓದಿ, ಮುಖ ತಿರುಗಿಸಿ, ಮತ್ತೆ ಓದಿ. ಕನಸಿನಲ್ಲಿ ಅಕ್ಷರ, ಅಂಕಿಗಳು ಎರಡನೇ ಸಲಕ್ಕೆ ಸಾಮಾನ್ಯವಾಗಿ ಬದಲಾಗಿರುತ್ತವೆ. ಇನ್ನೊಂದು ಪರೀಕ್ಷೆ: ಬಾಯಿ ಮುಚ್ಚಿ, ಮೂಗು ಹಿಡಿದು ಉಸಿರೆಳೆಯಲು ನೋಡಿ. ಉಸಿರು ಬಂತು ಅಂದರೆ ಇನ್ನೂ ಕನಸಿನಲ್ಲೇ ಇದ್ದೀರಿ. ಇದನ್ನು ಹಗಲಲ್ಲಿ ಮಿಲ್ಲಿನಲ್ಲೂ ಆಗಾಗ ಮಾಡಿ. ಹಗಲಿನ ಚಾಳಿ ಕನಸಿಗೂ ಬರುತ್ತದೆ. ಜೊತೆಯವರು ನಕ್ಕರೆ ನಗಲಿ ಬಿಡಿ. ನಿಜವಾಗಿ ಎದ್ದಿದ್ದೀರಿ ಅಂತ ಗೊತ್ತಾದ ಮೇಲೆ ತಕ್ಷಣ ಮಲಗಬೇಡಿ, ಅದೇ ಕನಸಿಗೆ ಮತ್ತೆ ಜಾರಬಹುದು. ನೆಲಕ್ಕೆ ಕಾಲೂರಿ, ನೀರು ಕುಡಿದು, ಸ್ವಲ್ಪ ಹೊತ್ತು ಕೂತಿರಿ. ಮಗನನ್ನು ಅಲುಗಾಡಿಸಬೇಡಿ. ಅವನ ಹೊಟ್ಟೆ ಏರಿಳಿಯುವುದನ್ನು ನೋಡಿದರೆ ಸಾಕು.

ಆದರೆ ಎಚ್ಚರಾಗುವುದರಲ್ಲಿ ನೀವು ಈಗಾಗಲೇ ಪಳಗಿದ್ದೀರಿ. ಒಂದು ವರ್ಷದಿಂದ ಆಗುತ್ತಿರುವುದೇನು? ಟ್ರ್ಯಾಕ್ಟರ್ ಮಗುಚಿದಲ್ಲಿಗೇ ಕನಸು ತುಂಡಾಗುತ್ತದೆ, ಮರುದಿನ ಅಲ್ಲಿಗೇ ಬಂದು ನಿಲ್ಲುತ್ತದೆ. ಅದಕ್ಕೆ ಮುಂದಿನ ಕಥೆಯೇ ಇಲ್ಲ. ಆ ಕಥೆಯನ್ನು ಹಗಲಲ್ಲಿ ನೀವು ಕಟ್ಟಬೇಕು. ಇದು ನನ್ನ ಸ್ವಂತ ಬುದ್ಧಿ ಅಲ್ಲ. ಪದೇಪದೇ ಬೀಳುವ ಕನಸಿಗೆ ವೈದ್ಯರು ಕಲಿಸುವ ವಿಧಾನವೇ ಇದು. ಅಮೆರಿಕದ ಬ್ಯಾರಿ ಕ್ರಾಕೋವ್ ಮತ್ತವರ ತಂಡ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಹಿಳೆಯರಿಗೆ ಇದನ್ನು ಕಲಿಸಿತು. ಅವರ ಕೆಟ್ಟ ಕನಸುಗಳು ಕಡಿಮೆಯಾದವು ಎಂದು 2001ರಲ್ಲಿ ವರದಿ ಮಾಡಿತು. ಕನಸನ್ನು ನಿಮಗೆ ಬೇಕಾದ ಹಾಗೆ ತಿರುಗಿಸಿ ಬರೆಯಿರಿ. ಬೇಸಿಗೆ, ನೀರು ನಿಲ್ಲಿಸಿದ್ದಾರೆ, ಕಾಲುವೆ ಒಣಗಿದೆ. ಮಗ ಟ್ರೇಲರ್‌ನಿಂದ ಇಳಿದು ಕಾಲುವೆಯೊಳಗೆ ಹುಡುಗರ ಜೊತೆ ಕ್ರಿಕೆಟ್ ಆಡುತ್ತಾನೆ. ನೀವು ಏರಿ ಮೇಲೆ ಕೂತು ಸ್ಕೋರ್ ಕೇಳುತ್ತೀರಿ. ಇದು ಹಿಡಿಸದಿದ್ದರೆ ಬೇರೆ ಕಟ್ಟಿಕೊಳ್ಳಿ. ದಿನಾ ಹತ್ತಿಪ್ಪತ್ತು ನಿಮಿಷ ಹೊಸ ಕಥೆಯನ್ನು ಮಾತ್ರ ಕಣ್ಮುಂದೆ ತಂದುಕೊಳ್ಳಿ. ಹಳೆಯದನ್ನು ಕೆದಕುತ್ತಾ ಕೂರಬೇಡಿ.

ಹೆಂಡತಿಗೆ ಹೇಳಿ. ರಾತ್ರಿ ಎದ್ದ ಗಾಬರಿಯಲ್ಲಿ ಬೇಡ, ಮಗ ಶಾಲೆಗೆ ಹೋದ ಮೇಲೆ. ಈಗ ಅವರ ಕಣ್ಣಿಗೆ ಕಾಣುತ್ತಿರುವುದು ಕುಡಿದು ಮಲಗಿ, ನಡುರಾತ್ರಿ ಮಗುವನ್ನು ಎಬ್ಬಿಸುವ ಗಂಡ. ಸಿಟ್ಟು ಬರದೆ ಇನ್ನೇನು? ಅವ್ವನ ಹರಕೆಗೂ ಅಡ್ಡ ಬರಬೇಡಿ. ಅಂಜನಾದ್ರಿಯ 575 ಮೆಟ್ಟಿಲು ಹತ್ತಿಳಿದ ದಿನ ನಿದ್ದೆಗೆ ಕ್ವಾರ್ಟರ್ ಬೇಕಾಗಲಿಕ್ಕಿಲ್ಲ.

ಆ ಮಗುವಿನ ವಿಷಯ ಪತ್ರದ ಕೊನೆಗೆ, ಸುಮ್ನೆ ಸೇರಿಸಿದ ಹಾಗೆ ಬರೆದಿದ್ದೀರಿ. ನನಗೆ ಇಡೀ ಪತ್ರ ಅದೇ ಅನ್ನಿಸಿತು. ಮಗು ಉಳಿಯಿತೋ ಇಲ್ಲವೋ ನೀವು ಹೇಳಿಲ್ಲ, ನಾನೂ ಕೇಳುವುದಿಲ್ಲ. ಅಂಥದ್ದನ್ನು ಕಂಡವರಿಗೆ ವರ್ಷ ಕಳೆದರೂ ಕನಸು ಬಿಡದಿದ್ದರೆ ಮನೋವೈದ್ಯರ ಸಹಾಯ ಬೇಕು. ಸಂಕೋಚ ಯಾಕೆ? ಜಿಲ್ಲಾ ಮಟ್ಟದಲ್ಲೇ ಮನಸ್ಸಿನ ಚಿಕಿತ್ಸೆ ಸಿಗಬೇಕು ಅಂತ 1980ರ ದಶಕದಲ್ಲಿ ನಿಮ್ಹಾನ್ಸ್ ಪ್ರಯೋಗ ಮಾಡಿದ್ದು ನಮ್ಮ ಪಕ್ಕದ ಬಳ್ಳಾರಿಯಲ್ಲೇ. 1996ರಲ್ಲಿ ಕೇಂದ್ರ ಸರ್ಕಾರ ಬೇರೆ ರಾಜ್ಯಗಳಲ್ಲೂ ಶುರು ಮಾಡಿದ ಜಿಲ್ಲಾ ಕಾರ್ಯಕ್ರಮಕ್ಕೆ ಆ ‘ಬಳ್ಳಾರಿ ಮಾದರಿ’ಯೇ ಆಧಾರ. ಕೊಪ್ಪಳದ ಜಿಲ್ಲಾ ಆಸ್ಪತ್ರೆಗೆ ಹೋಗಿ ಮನೋವೈದ್ಯರನ್ನು ಕಾಣಿ. ಅಲ್ಲಿಯವರೆಗೆ ಹೋಗಲು ಪುರುಸೊತ್ತಿಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲೂ ರಾತ್ರಿ ಇರುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬಿಪಿಗೋ ಬೇರೆ ಯಾವುದಕ್ಕೋ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ ತಿಳಿಸಿ, ಕೆಲವು ಮಾತ್ರೆಗಳಿಂದಲೂ ಕೆಟ್ಟ ಕನಸು ಬೀಳುತ್ತದೆ. ಕುಡಿಯುವುದನ್ನು ಮುಚ್ಚಿಡಬೇಡಿ. ಮಾತು ಎಲ್ಲಿಂದ ಶುರು ಮಾಡಬೇಕು ಅಂತ ತೋಚದಿದ್ದರೆ, ಕಾಲುವೆಗೆ ಇಳಿದ ಆ ಎರಡು ಸಾಲನ್ನೇ ಮೊದಲು ಹೇಳಿ.