ವಿಶೇಷ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ, ಯಾವ ಸರ್ಟಿಫಿಕೇಟ್ ಮಾಡಿದರೆ ಮುಂದೆ ಬರಬಹುದು?

ನೀವು ಬರೆದಿರುವುದು ಇಷ್ಟು: ಪಿಯುಸಿ ಆಗಿದೆ, ಗೌರಿಬಿದನೂರು ಕಡೆ ಬುದ್ಧಿಮಾಂದ್ಯ ಮಕ್ಕಳ ಡೇ ಕೇರ್‌ನಲ್ಲಿ ಕೇರ್‌ಟೇಕರ್ ಆಗಿದ್ದೀರಿ, ಸಂಬಳ ಸಾಲುತ್ತಿಲ್ಲ. ಆನ್‌ಲೈನ್‌ನಲ್ಲಿ ಒಂದು ವಾರದ ಸರ್ಟಿಫಿಕೇಟ್ ಕೋರ್ಸ್ ಕಂಡಿದೆ, ದುಡ್ಡು ಕಟ್ಟಬಹುದಾ ಅಂತ. ಜೊತೆಗೆ ಯಾರೋ ಏಜೆಂಟ್ ಆಸ್ಟ್ರೇಲಿಯಾ ಆಸೆ ಬೇರೆ ಹತ್ತಿಸಿದ್ದಾನೆ.

ಕಟ್ಟಬೇಡಿ. ಕಾರಣ ಹೇಳುತ್ತೇನೆ. ನಾನು ಚಿಂತಾಮಣಿಯಲ್ಲಿ ವಿಶೇಷ ಶಿಕ್ಷಕಿ, ಆಯಾ ಕೆಲಸದಿಂದಲೇ ಶುರು ಮಾಡಿದವಳು.

ನಮ್ಮ ದೇಶದಲ್ಲಿ ಈ ಕ್ಷೇತ್ರದ ಓದಿಗೆ ಮುದ್ರೆ ಒತ್ತುವುದು ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತು. 1992ರ ಕಾಯ್ದೆಯಲ್ಲಿ ಬಂದದ್ದು. ಅದು ಒಪ್ಪಿದ ಕೋರ್ಸ್ ಮುಗಿಸಿದರೆ ಕೇಂದ್ರ ಪುನರ್ವಸತಿ ರಿಜಿಸ್ಟರಿನಲ್ಲಿ ಹೆಸರು ಸೇರುತ್ತದೆ, ನಿಮಗೊಂದು ಸಿಆರ್‌ಆರ್ ನಂಬರ್ ಸಿಗುತ್ತದೆ. ವಿಶೇಷ ಶಿಕ್ಷಕರು, ಸ್ಪೀಚ್ ಥೆರಪಿಸ್ಟ್‌ಗಳಂಥವರು ಈ ನಂಬರ್ ಇಲ್ಲದೆ ಕೆಲಸ ಮಾಡುವುದು ಕಾನೂನಿನ ಪ್ರಕಾರ ಅಪರಾಧ. ಒಂದು ವರ್ಷದವರೆಗೆ ಜೈಲು ಅಥವಾ 1000 ರೂಪಾಯಿವರೆಗೆ ದಂಡ ಅಥವಾ ಎರಡೂ ಅಂತ ಕಾಯ್ದೆಯಲ್ಲೇ ಇದೆ. ಆದರೂ ನಂಬರ್ ಇಲ್ಲದೆ ಬೋರ್ಡು ಹಾಕಿಕೊಂಡವರು ಬೀದಿಗೊಬ್ಬರು ಸಿಗುತ್ತಾರೆ, ಆ ಮಾತು ಇನ್ನೊಂದು ದಿನ. ನಿಮಗೆ ಬೇಕಾದ್ದು ಇಷ್ಟೇ: ಯಾವ ಕೋರ್ಸ್ ನಿಮ್ಮನ್ನು ಆ ನಂಬರಿಗೆ ಕರೆದುಕೊಂಡು ಹೋಗುತ್ತದೋ ಅದಕ್ಕೆ ಮಾತ್ರ ಹಣ ಖರ್ಚು ಮಾಡಿ. ಒಂದು ವಾರದ ಪಿಡಿಎಫ್ ಸರ್ಟಿಫಿಕೇಟಿನಿಂದ ಫೈಲ್ ದಪ್ಪ ಆಗುತ್ತದೆ, ಸಂಬಳ ಆಗಲ್ಲ.

ಹತ್ತನೇ ಕ್ಲಾಸ್ ಆದವರಿಗೆ ಸಿಬಿಐಡಿ (ಅಂಗವಿಕಲರನ್ನು ಒಳಗೊಂಡ ಸಮುದಾಯ ಆಧಾರಿತ ಅಭಿವೃದ್ಧಿ) ಅಂತ ಆರು ತಿಂಗಳ ಕೋರ್ಸ್ ಇದೆ. ಮೆಲ್ಬರ್ನ್ ವಿಶ್ವವಿದ್ಯಾಲಯದ ಜೊತೆ ಸೇರಿ ಆರ್‌ಸಿಐ ಅದನ್ನು 2021ರಲ್ಲಿ ಶುರು ಮಾಡಿತು. ಆಶಾ, ಅಂಗನವಾಡಿ ಕಾರ್ಯಕರ್ತೆಯರ ಜೊತೆ ಊರಲ್ಲೇ ಕೆಲಸ ಮಾಡುವವರನ್ನು ತಯಾರು ಮಾಡುವುದು ಅದರ ಉದ್ದೇಶ. ಕೇರ್ ಗಿವಿಂಗ್‌ಗೇ ಅಂತ ಆರ್‌ಸಿಐ ಸರ್ಟಿಫಿಕೇಟ್ ಕೋರ್ಸೂ ಇದೆ. ಕೆಟ್ಟದ್ದಲ್ಲ. ಆದರೆ ನಿಮಗೆ ಪಿಯುಸಿ ಇದೆಯಲ್ವಾ, 50 ಪರ್ಸೆಂಟ್ ಬಂದಿದ್ದರೆ ಸೀದಾ ವಿಶೇಷ ಡಿ.ಎಡ್. (ವಿಶೇಷ ಮಕ್ಕಳಿಗೆ ಕಲಿಸುವವರ ಡಿಪ್ಲೊಮಾ) ಸೇರಿ ಅಂತ ನಾನು ಹೇಳುವುದು. ಎರಡು ವರ್ಷ, ಕ್ಲಾಸಿಗೆ ಹೋಗಲೇಬೇಕು, ಮನೆಯಲ್ಲಿ ಕೂತು ಆಗುವುದಲ್ಲ. ಆ ಎರಡು ವರ್ಷ ಮನೆ ಹೇಗೆ ನಡೆಸೋದು ಅನ್ನುವುದೇ ದೊಡ್ಡ ಪ್ರಶ್ನೆ, ಅದನ್ನು ಮೊದಲು ಮನೆಯವರ ಹತ್ತಿರ ಕೂತು ಲೆಕ್ಕ ಹಾಕಿ. ಮುಂದೆ ಡಿಗ್ರಿ ಆದರೆ ವಿಶೇಷ ಬಿ.ಎಡ್.ಗೆ ಬಾಗಿಲು ತೆರೆದಿರುತ್ತದೆ.

ಸೇರುವ ಮೊದಲು ಆರ್‌ಸಿಐ ವೆಬ್‌ಸೈಟಿನಲ್ಲಿ ಸಂಸ್ಥೆಯ ಹೆಸರು, ಆ ಕೋರ್ಸು, ಯಾವ ವರ್ಷದವರೆಗೆ ಅನುಮತಿ ಅಂತ ಮೂರನ್ನೂ ನೋಡಿ. ಅನುಮತಿ ಇಷ್ಟು ವರ್ಷಕ್ಕೆ ಅಂತಲೇ ಕೊಡುವುದು. ಆಫೀಸಿನಲ್ಲಿ ಕೂತವರು 'ರಿನ್ಯೂವಲ್‌ಗೆ ಹಾಕಿದ್ದೀವಿ, ಬಂದೇ ಬರುತ್ತೆ' ಅಂದರೆ ಬಂದ ಮೇಲೆ ಫೀಸ್ ಕಟ್ಟುತ್ತೇನೆ ಅನ್ನಿ. ಇನ್ನು ಡಿ.ಎಡ್.ನಲ್ಲಿ ಬೌದ್ಧಿಕ, ಶ್ರವಣ, ದೃಷ್ಟಿ ಅಂತ ವಿಭಾಗ ಆರಿಸಿಕೊಳ್ಳಬೇಕು. ನೀವು ಈಗಾಗಲೇ ಬುದ್ಧಿಮಾಂದ್ಯ ಮಕ್ಕಳ ಜೊತೆ ಇರುವುದರಿಂದ ಬೌದ್ಧಿಕವೇ ಸರಿ.

ನಂಬರ್ ಬಂದ ಮೇಲೂ ಸುಮ್ನೆ ಇರೋ ಹಾಗಿಲ್ಲ. ಐದು ವರ್ಷಕ್ಕೊಮ್ಮೆ ನವೀಕರಣ, ಅದಕ್ಕೆ ಸಿಆರ್‌ಇ ಅಂಕ ಬೇಕು. ಆರ್‌ಸಿಐ ಒಪ್ಪಿದ ಕಾರ್ಯಾಗಾರಗಳಿಗೆ ಹೋದರೆ ಆ ಅಂಕ ಬರುತ್ತದೆ. ಸಣ್ಣ ಕೋರ್ಸ್‌ಗಳಿಗೆ ಬೆಲೆ ಬರುವುದು ಆವಾಗ, ಈಗಲ್ಲ.

ಕಾಗದದ ಮಾತು ಸಾಕು. ಹೊಸಬರನ್ನು ತೆಗೆದುಕೊಳ್ಳುವಾಗ ನಮ್ಮಲ್ಲಿ ಸರ್ಟಿಫಿಕೇಟ್ ನೋಡಿ ಪಕ್ಕಕ್ಕಿಡುತ್ತಾರೆ, ಆಮೇಲೆ ಊಟದ ಹೊತ್ತಿಗೆ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದಿರುವುದು) ಇರುವ ಒಂದು ಮಗುವಿನ ಮುಂದೆ ಕೂರಿಸುತ್ತಾರೆ, ಕೈಯಲ್ಲಿ ರಾಗಿ ಗಂಜಿ ಬಟ್ಟಲು. ಜಾಸ್ತಿ ಜನ ಮಾಡುವುದು ಒಂದೇ: ಮಗುವನ್ನು ತೊಡೆ ಮೇಲೆ ಮಲಗಿಸಿ, ತಲೆ ಹಿಂದಕ್ಕೆ ಮಾಡಿ, ಒಳಲೆಯಲ್ಲಿ ಹುಯ್ದ ಹಾಗೆ ಹುಯ್ಯುವುದು. ಆ ಭಂಗಿಯಲ್ಲಿ ಗಂಜಿ ಶ್ವಾಸನಾಳಕ್ಕೆ ಇಳಿಯುವ ಅಪಾಯ ಹೆಚ್ಚು, ಮತ್ತೆ ಮತ್ತೆ ನ್ಯುಮೋನಿಯಾ ಬರುವುದಕ್ಕೆ ಇದೂ ಒಂದು ಕಾರಣ. ಗೊತ್ತಿರುವವರು ಮೊದಲು ಬಟ್ಟಲು ಕೆಳಗಿಡುತ್ತಾರೆ. ಮಗುವನ್ನು ನೆಟ್ಟಗೆ ಕೂರಿಸಿ, ಪಾದಕ್ಕೆ ಆಸರೆ ಕೊಟ್ಟು, ಗದ್ದ ಒಂಚೂರು ಎದೆ ಕಡೆ ಬರುವ ಹಾಗೆ ನೋಡಿಕೊಂಡು, ತಾವು ಮಗುವಿನ ಕಣ್ಣಿನ ಮಟ್ಟಕ್ಕೆ ಕೂತು, ಚಮಚ ಮುಂದಿನಿಂದ ತರುತ್ತಾರೆ. ನುಂಗಿದ್ದು ಕಂಡ ಮೇಲೇ ಮುಂದಿನ ಚಮಚ. ಇದನ್ನು ಕಂಡರೆ ಬೇರೆ ಪ್ರಶ್ನೆ ಕೇಳುವುದೇ ಇಲ್ಲ.

ಇನ್ನೊಂದು, ಬರೆಯುವುದು. 'ಚೆನ್ನಾಗಿ ಊಟ ಮಾಡಿದ' ಅಂತ ಬರೆದರೆ ಅದು ದಾಖಲೆ ಅಲ್ಲ. 'ಚಮಚ ಕೈಗೆ ಕೊಟ್ಟರೆ ಐದರಲ್ಲಿ ಎರಡು ಸಲ ತಾನೇ ಬಾಯಿಗೆ ತಂದ, ಮಣಿಕಟ್ಟು ಹಿಡಿದರೆ ಐದು ಸಲವೂ ತಂದ' ಅಂತ ಬರೆದರೆ ದಾಖಲೆ. ನಾಳೆಯಿಂದಲೇ ಒಂದು ನೋಟ್‌ಬುಕ್ ಇಡಿ. ಆಯಾ ಕೆಲಸದಿಂದ ನನ್ನನ್ನು ಮೇಲೆ ಎಳೆದದ್ದು ಅಂಥದ್ದೇ ಒಂದು ನೋಟ್‌ಬುಕ್ಕು. ಥೆರಪಿಸ್ಟ್ ಅದನ್ನು ನೋಡಿ, ಇವಳನ್ನು ಓದಿಸಿ ಅಂದರು. ಮತ್ತೆ ನಿಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು. ಕನ್ನಡದಲ್ಲಿ ಕೇಳಿ ಮಗು ಸುಮ್ಮನಿದ್ದರೆ ಅದಕ್ಕೆ ಅರ್ಥವೇ ಆಗಲ್ಲ ಅಂತ ಬರೆದುಬಿಡುವವರಿದ್ದಾರೆ. ಎರಡೂ ಭಾಷೆ ಬಂದರೆ ಅದನ್ನು ಇಂಟರ್ವ್ಯೂನಲ್ಲಿ ಬಾಯಿಬಿಟ್ಟು ಹೇಳಿ.

ಕೆಲಸ ಎಲ್ಲಿ ಅಂದರೆ, ವಿಶೇಷ ಶಾಲೆಗಳಿವೆ, ಆದರೆ ಸಣ್ಣ ಶಾಲೆಗಳಲ್ಲಿ ಅನುದಾನ ತಡವಾದರೆ ಸಂಬಳವೂ ತಡ. ನಾನು ಮೊದಲಿದ್ದ ಕಡೆ ಹಬ್ಬದ ಹೊತ್ತಿಗೆ ಕೈಗೆ ಕಾಸು ಬಂದರೆ ಪುಣ್ಯ ಅನ್ನುವಂತಿತ್ತು. ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು), ತಾಲ್ಲೂಕಿನ ಎಂಆರ್‌ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಕೆಲಸ ಗೌರವಧನದ್ದು, ವಿಆರ್‌ಡಬ್ಲ್ಯೂ ಆಗಿ ಅಂಗವಿಕಲರನ್ನೇ ತೆಗೆದುಕೊಳ್ಳುತ್ತಾರೆ. ಸಾಮಾನ್ಯ ಶಾಲೆಗಳಲ್ಲಿ ಆಸೆ ಇದೆ. ಪ್ರಾಥಮಿಕದಲ್ಲಿ 10 ವಿಶೇಷ ಮಕ್ಕಳಿಗೆ, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಇರಬೇಕು ಅಂತ ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿತು, 2025ರಲ್ಲಿ ಹುದ್ದೆ ಮಂಜೂರು ಮಾಡಿ ಅಂತ ರಾಜ್ಯಗಳಿಗೆ ಮತ್ತೆ ಹೇಳಿತು. ಆ ಹುದ್ದೆ ಕರೆದ ದಿನ ಕೇಳುವುದು ಸಿಆರ್‌ಆರ್ ನಂಬರನ್ನೇ. ಅಲ್ಲಿಯವರೆಗೆ ಸಂಬಳ ಜಾಸ್ತಿ ಸಿಗುವುದು ಬೆಂಗಳೂರಿನ ಥೆರಪಿ ಸೆಂಟರುಗಳಲ್ಲಿ. ಗೌರಿಬಿದನೂರಿಂದ ರೈಲಿದೆ, ದಿನಾ ಓಡಾಡುವವರೂ ಇದ್ದಾರೆ, ಆದರೆ ಸುಸ್ತು ಸುಸ್ತೇ.

ಆಸ್ಟ್ರೇಲಿಯಾ ವಿಷಯ. ಅಲ್ಲಿ ಅಂಗವಿಕಲರ ನೆರವಿಗೆ ಎನ್‌ಡಿಐಎಸ್ ಅನ್ನುವ ಸರ್ಕಾರಿ ಯೋಜನೆ 2013ರಿಂದ ಇದೆ, ಸಪೋರ್ಟ್ ವರ್ಕರ್‌ಗಳಿಗೆ ಬೇಡಿಕೆಯೂ ನಿಜ. ಆದರೆ ಅಲ್ಲಿ ನಡೆಯುವುದು ಅವರದೇ ಓದು, ಇಂಡಿವಿಜುವಲ್ ಸಪೋರ್ಟ್‌ನಲ್ಲಿ ಸರ್ಟಿಫಿಕೇಟ್ 3, ಡಿಸಬಿಲಿಟಿ ಸಪೋರ್ಟ್‌ನಲ್ಲಿ ಸರ್ಟಿಫಿಕೇಟ್ 4 ಇಂಥವು. ಜೊತೆಗೆ ಹಿನ್ನೆಲೆ ತಪಾಸಣೆ. ಇಲ್ಲಿ ದುಡ್ಡು ಕೊಟ್ಟು ತಗೊಂಡ 'ಇಂಟರ್‌ನ್ಯಾಷನಲ್' ಸರ್ಟಿಫಿಕೇಟ್ ಆ ಜಾಗಕ್ಕೆ ಬರಲ್ಲ. ನಿಮ್ಮ ಏಜೆಂಟಿಗೆ ಯಾವ ವೀಸಾ, ಅದರ ಸಬ್‌ಕ್ಲಾಸ್ ನಂಬರ್ ಎಷ್ಟು ಅಂತ ಒಂದು ಚೀಟಿಯಲ್ಲಿ ಬರೆದು ಸಹಿ ಹಾಕಿ ಕೊಡಿ ಅನ್ನಿ. ಕೊಡದಿದ್ದರೆ ಕಾಫಿ ಕುಡಿದು ಎದ್ದು ಬನ್ನಿ.