ಹತ್ತೇ ಜನ ಆಡುವ ಸರ್ವರ್ ಮೇಲೆ ಯಾರಿಗೆ ಕಣ್ಣು?

ಆಟದ ಸರ್ವರ್‌ಗಳ ಸುರಕ್ಷತೆಯ ಬಗ್ಗೆ ನನಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ, ವೇಷ ಮಾತ್ರ ಬೇರೆ. ಈ ಸಲ ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ. ಬ್ಯಾಕಪ್ ಏಕೆ ಬೇಕು, ಫೈರ್‌ವಾಲ್ ಎಂದರೇನು ಎಂದು ಕೇಳಿದವರು ಕ್ಷಮಿಸಬೇಕು.

ಪ್ರಶ್ನೆ: ಸರ್ವರನ್ನು ರೂಟ್ ಖಾತೆಯಲ್ಲಿ (ಯಂತ್ರದ ಸಕಲ ಅಧಿಕಾರವಿರುವ ಖಾತೆ) ಓಡಿಸಬಹುದೇ?

ಬೇಡ.

ಪ್ರಶ್ನೆ: ಹತ್ತು ಗೆಳೆಯರಿಗಾಗಿ ಮೈನ್‌ಕ್ರಾಫ್ಟ್ 1.12.2 ಸರ್ವರ್ ನಡೆಸುತ್ತಿದ್ದೇನೆ. ಹೊಸ ಆವೃತ್ತಿಗೆ ಹೋದರೆ ಮಾಡ್‌ಗಳು (ಆಟಕ್ಕೆ ಸೇರಿಸುವ ಹೆಚ್ಚುವರಿ ತಂತ್ರಾಂಶಗಳು) ಕೆಡುತ್ತವೆ. ಪೋರ್ಟ್ (ಸರ್ವರ್‌ನ ಬಾಗಿಲ ಸಂಖ್ಯೆ) ಬದಲಾಯಿಸಿದ್ದೇನೆ, ವೈಟ್‌ಲಿಸ್ಟ್ (ಒಳಬರಬಹುದಾದವರ ಪಟ್ಟಿ) ಹಾಕಿದ್ದೇನೆ. ಇಷ್ಟು ಚಿಕ್ಕ ಸರ್ವರ್ ಮೇಲೆ ಯಾರಿಗೆ ಕಣ್ಣು?

ಯಾರಿಗೂ ಇಲ್ಲ. ನಿಮ್ಮನ್ನು ಹುಡುಕುವುದು ಮನುಷ್ಯನಲ್ಲ, ಸ್ಕ್ಯಾನರ್. ಅದಕ್ಕೆ ಚಿಕ್ಕವರು ದೊಡ್ಡವರು ಎಂಬ ಭೇದವಿಲ್ಲ. ಮಿಷಿಗನ್ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಝಡ್‌ಮ್ಯಾಪ್ ಎಂಬ ಸ್ಕ್ಯಾನರ್, ಗಿಗಾಬಿಟ್ ಸಂಪರ್ಕದ ಒಂದೇ ಯಂತ್ರದಿಂದ ಇಡೀ ಐಪಿವಿ4 ಜಾಲದ (ಅಂತರ್ಜಾಲದ ಹಳೆಯ ಮಾದರಿಯ ವಿಳಾಸಗಳೆಲ್ಲದರ) ಒಂದು ಪೋರ್ಟನ್ನು 45 ನಿಮಿಷದೊಳಗೆ ತಟ್ಟಿ ನೋಡಬಲ್ಲದು. ಮೈನ್‌ಕ್ರಾಫ್ಟ್‌ನ ಮಾಮೂಲಿ ಪೋರ್ಟ್ 25565 ಬಿಟ್ಟು ಬೇರೆಯದಕ್ಕೆ ಹೋದರೆ ಲಾಗ್‌ನಲ್ಲಿ ಗದ್ದಲ ಕಡಿಮೆಯಾದೀತು, ಅಷ್ಟೇ. ವೈಟ್‌ಲಿಸ್ಟ್ ಒಳ್ಳೆಯದೇ. ಆದರೆ ಬಂದವನ ಹೆಸರು ಪಟ್ಟಿಯಲ್ಲಿದೆಯೇ ಎಂದು ನೋಡಬೇಕಾದರೆ ಅವನು ಕಳಿಸಿದ ಪ್ಯಾಕೆಟ್ಟನ್ನು ಸರ್ವರ್ ಮೊದಲು ಓದಲೇಬೇಕಲ್ಲ? ದೋಷ ಆ ಓದುವ ಕೋಡಿನಲ್ಲೇ ಇದ್ದರೆ ಪಟ್ಟಿ ಏನು ಮಾಡೀತು?

2021ರ ಡಿಸೆಂಬರ್ ನೆನಪಿಸಿಕೊಳ್ಳಿ. ಮೈನ್‌ಕ್ರಾಫ್ಟ್ ಬಳಸುವ, ಜಾವಾ ಭಾಷೆಯ ಲಾಗ್4ಜೆ ಎಂಬ ಲೈಬ್ರರಿಯ ಕೆಲಸ, ನಡೆದದ್ದನ್ನು ದಾಖಲೆಗೆ ಬರೆಯುವುದು. ಚಾಟ್‌ನಲ್ಲಿ ಒಬ್ಬ ಡಾಲರ್ ಚಿಹ್ನೆ, ಪುಷ್ಪಾವರಣ, ಅದರೊಳಗೆ ‘ಜೆಎನ್‌ಡಿಐ’ ಎಂಬ ಪದ ಮತ್ತು ತನ್ನ ಯಂತ್ರದ ವಿಳಾಸ ಬರೆಯುತ್ತಾನೆ. ಲಾಗ್4ಜೆ ಅದನ್ನು ಬರೆದುಕೊಂಡು ಸುಮ್ಮನಿರಲಿಲ್ಲ. ಆ ವಿಳಾಸಕ್ಕೆ ಹೋಗಿ, ಅಲ್ಲಿಂದ ಕೊಟ್ಟ ಕೋಡನ್ನು ತಂದು ಓಡಿಸುತ್ತಿತ್ತು. ಗುಮಾಸ್ತನಿಗೆ ಪತ್ರ ದಾಖಲಿಸು ಎಂದರೆ ಪತ್ರದಲ್ಲಿದ್ದ ಆಜ್ಞೆಯನ್ನೇ ಪಾಲಿಸಿಬಿಟ್ಟ ಹಾಗೆ. ತೀವ್ರತೆಯ ಅಂಕ ಹತ್ತಕ್ಕೆ ಹತ್ತು. ಮೈನ್‌ಕ್ರಾಫ್ಟ್ 1.18.1ರಲ್ಲಿ ಸರಿಯಾಯಿತು. ನಿಮ್ಮಂತೆ ಹಳೆಯ ಆವೃತ್ತಿಯ ಸರ್ವರ್ ನಡೆಸುವವರು ಮಾತ್ರ ಮೈನ್‌ಕ್ರಾಫ್ಟ್ ತಯಾರಕರಾದ ಮೊಜಾಂಗ್ ಕೊಟ್ಟ ಸಂರಚನಾ ಕಡತವನ್ನು ತಾವೇ ಇಳಿಸಿಕೊಂಡು, ಸರ್ವರ್ ಶುರುಮಾಡುವ ಆದೇಶಕ್ಕೆ ಸೇರಿಸಬೇಕಿತ್ತು. ಸೇರಿಸಿದ್ದೀರಾ? ಪತ್ರದಲ್ಲಿ ಆ ಮಾತೇ ಇಲ್ಲ.

ಇನ್ನು ನಿಮ್ಮ ಪ್ರೀತಿಯ ಮಾಡ್‌ಗಳು. 2023ರಲ್ಲಿ ಬ್ಲೀಡಿಂಗ್‌ಪೈಪ್ ಎಂಬ ಲೋಪ ಬಯಲಾಯಿತು. ಜಾಲದಿಂದ ಬಂದ ಜಾವಾ ಆಬ್ಜೆಕ್ಟ್ ಏನೆಂದು ಪರೀಕ್ಷಿಸದೆ ಗಂಟು ಬಿಚ್ಚುತ್ತಿದ್ದ ಮಾಡ್‌ಗಳ ದೋಷ ಅದು. ಹೆಚ್ಚಾಗಿ ಸಿಕ್ಕಿಬಿದ್ದ ಆವೃತ್ತಿಗಳು 1.7.10 ಮತ್ತು, ಹೌದು, 1.12.2. ಆಟದ ಆವೃತ್ತಿ ಬದಲಿಸಲು ಆಗದಿದ್ದರೆ ಬೇಡ. ಅದೇ ಆವೃತ್ತಿಗೆ ದೋಷ ತಿದ್ದಿ ಬಂದಿರುವ ಮಾಡ್‌ಗಳನ್ನಾದರೂ ಹಾಕಿ, ತಿದ್ದದೆ ಕೈಬಿಟ್ಟಿರುವುದನ್ನು ತೆಗೆದುಹಾಕಿ. ಹತ್ತೇ ಜನ ಎಂದಿರಲ್ಲ, ಹಾಗಾದರೆ ಸರ್ವರನ್ನು ವೈರ್‌ಗಾರ್ಡ್‌ನಂಥ ವಿಪಿಎನ್ (ಕೀಲಿ ಇದ್ದವರಿಗಷ್ಟೇ ತೆರೆಯುವ ಖಾಸಗಿ ದಾರಿ) ಹಿಂದೆ ಇಟ್ಟು ಹತ್ತು ಕೀಲಿ ಹಂಚಿ. ಸ್ಕ್ಯಾನರ್‌ಗೆ ಆಗ ಕಾಣುವುದೇ ಇಲ್ಲ. ನಾನಂತೂ ಆಟದ ಸರ್ವರನ್ನು ನನ್ನ ಬ್ಯಾಂಕ್ ವ್ಯವಹಾರ ನಡೆಯುವ ಯಂತ್ರದಲ್ಲಿ ಇಡುವುದಿಲ್ಲ. ಅತಿಯಾಯಿತು ಎಂದು ಗೆಳೆಯರು ನಗುತ್ತಾರೆ, ನಗಲಿ.

ಇದನ್ನೆಲ್ಲ ಸರಿಪಡಿಸುವವರೆಗೆ ಸರ್ವರ್ ನಿಲ್ಲಿಸಲು ಮನಸ್ಸಿಲ್ಲ ಎನ್ನುವವರಿಗೆ ಇನ್ನೊಂದು ಮಾತು. 2022ರ ಜನವರಿಯಲ್ಲಿ ಇಂಥದ್ದೇ ಲೋಪ ಹೊರಬಿದ್ದಾಗ ಡಾರ್ಕ್ ಸೋಲ್ಸ್ ಸರಣಿಯ ಪಿಸಿ ಸರ್ವರ್‌ಗಳನ್ನು ಮುಚ್ಚಲಾಯಿತು; ಮೂರನೆಯ ಆಟದ್ದು ಮತ್ತೆ ತೆರೆದದ್ದು ಆಗಸ್ಟ್‌ನಲ್ಲಿ. ಅಷ್ಟು ದೊಡ್ಡವರೇ ತಿಂಗಳುಗಟ್ಟಲೆ ನಿಲ್ಲಿಸಿದರು. ನೀವು ಒಂದು ವಾರಾಂತ್ಯ ನಿಲ್ಲಿಸಿ.

ಪ್ರಶ್ನೆ: ‘ಶೇಕಡಾ 100 ಹ್ಯಾಕ್ ನಿರೋಧಕ’ ಪ್ಲಗಿನ್ ಒಂದನ್ನು ಮಾರುತ್ತಿದ್ದಾರೆ. ಕೊಳ್ಳಲೇ?

ಶೇಕಡಾ ನೂರು ಎಂದವನ ಸರಕನ್ನು ಮುಟ್ಟಬೇಡಿ. ಪ್ಲಗಿನ್ ಓಡುವುದು ಸರ್ವರ್‌ಗಿರುವಷ್ಟೇ ಅಧಿಕಾರದಿಂದ. 2023ರ ಜೂನ್‌ನಲ್ಲಿ ಕರ್ಸ್‌ಫೋರ್ಜ್‌ನಂಥ ಹೆಸರಾಂತ ತಾಣದ ಮಾಡ್‌ಗಳಲ್ಲೇ ಫ್ರ್ಯಾಕ್ಚರೈಸರ್ ಎಂಬ ಕುತಂತ್ರಾಂಶ ನುಸುಳಿತ್ತು. ಅಪರಿಚಿತನ ಕಡತದ ಗತಿ ನೀವೇ ಊಹಿಸಿ.

ಪ್ರಶ್ನೆ: ಖಾತೆಯಿಲ್ಲದವರೂ ಆಡಲಿ ಎಂದು ಆನ್‌ಲೈನ್ ಮೋಡ್ (ಬಂದವರ ಖಾತೆ ಅಸಲಿಯೇ ಎಂದು ಪರೀಕ್ಷಿಸುವ ವ್ಯವಸ್ಥೆ) ಆಫ್ ಮಾಡಿದ್ದೇನೆ. ತೊಂದರೆಯೇ?

ನಿಮ್ಮ ಹೆಸರಿಟ್ಟುಕೊಂಡು ಯಾರಾದರೂ ಒಳಬಂದರೆ ಸರ್ವರ್‌ಗೆ ಅವರೇ ನೀವು, ಅಡ್ಮಿನ್ ಅಧಿಕಾರದ ಸಮೇತ.

ಪ್ರಶ್ನೆ: ಆರ್‌ಕಾನ್ (ದೂರದಿಂದ ಸರ್ವರ್‌ಗೆ ಆದೇಶ ಕೊಡುವ ವ್ಯವಸ್ಥೆ) ಗುಪ್ತಪದ ಉದ್ದವಾಗಿದ್ದರೆ ಸಾಕೇ?

ಸಾಲದು. ಅದು ಗೂಢಲಿಪಿಯಿಲ್ಲದೆ ಬಯಲಿನಲ್ಲೇ ಸಾಗುತ್ತದೆ. ಆ ಪೋರ್ಟನ್ನು ಹೊರಗಿನವರಿಗೆ ತೆರೆಯಬೇಡಿ.

ಪ್ರಶ್ನೆ: ಎದುರಾಳಿಯ ಸರ್ವರನ್ನು ಒಂದು ಗಂಟೆ ಮಲಗಿಸುವ ಸುಲಭ ದಾರಿ ಯಾವುದು?

ಮಿರಾಯ್ ಬಾಟ್‌ನೆಟ್ (ಕದ್ದು ವಶಮಾಡಿಕೊಂಡ ಯಂತ್ರಗಳ ದಂಡು) ಕಟ್ಟಿದ ಹುಡುಗರೂ ಮೈನ್‌ಕ್ರಾಫ್ಟ್ ಸರ್ವರ್‌ಗಳನ್ನು ಉರುಳಿಸುತ್ತಿದ್ದರು. 2017ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು. ನಿಮ್ಮ ಪತ್ರದಲ್ಲಿ ಹೆಸರು, ವಿಳಾಸ ಎರಡೂ ಇವೆ, ಹರಿದುಹಾಕಿದ್ದೇನೆ.