ಯಕೃತ್ತಿನ ಕ್ಯಾನ್ಸರ್ ಮತ್ತು ಬೊಜ್ಜು: ಎರಡು ಶಸ್ತ್ರಚಿಕಿತ್ಸೆಗಳನ್ನು ಒಟ್ಟಿಗೆ ಮಾಡಬಹುದೇ?

ಬೊಜ್ಜು, ಸಕ್ಕರೆ ಕಾಯಿಲೆ, ರಕ್ತದೊತ್ತಡಗಳು ಕೂಡಿಬಂದ ಮೆಟಬಾಲಿಕ್ ಸಿಂಡ್ರೋಮ್ ಇರುವವರಿಗೆ ಯಕೃತ್ತಿನ ಗಡ್ಡೆ ತೆಗೆಯುವಾಗಲೇ ತೂಕ ಇಳಿಸುವ ಶಸ್ತ್ರಚಿಕಿತ್ಸೆಯನ್ನೂ ಮಾಡಬಹುದೇ ಎಂದು ಕೇಳಿದ್ದೀರಿ. ಎಚ್ಚರಿಕೆಯಿಂದ ಆಯ್ದ ಕೆಲವರಲ್ಲಿ ಮಾತ್ರ ಮಾಡಬಹುದು.

ಗಡ್ಡೆಯನ್ನು ಪೂರ್ತಿಯಾಗಿ ತೆಗೆದರೂ ಅದು ಹುಟ್ಟಿದ ಕೊಬ್ಬು ತುಂಬಿದ ಯಕೃತ್ತು ಒಳಗೇ ಉಳಿಯುವುದರಿಂದ, ಹೊಸ ಗಡ್ಡೆ ಮೂಡುವ ಅಪಾಯವೂ ಉಳಿಯುತ್ತದೆ. ಜಠರದ ಸುಮಾರು ಶೇ. 75ರಿಂದ 80ರಷ್ಟನ್ನು ತೆಗೆಯುವ ಸ್ಲೀವ್ ಶಸ್ತ್ರಚಿಕಿತ್ಸೆಯು ತೂಕ, ಸಕ್ಕರೆ ಮತ್ತು ಯಕೃತ್ತಿನ ಕೊಬ್ಬು ಮೂರನ್ನೂ ಇಳಿಸುತ್ತದೆ. ಆಹಾರ ಸಾಗುವ ಕರುಳಿನ ಹಾದಿಯನ್ನೇ ಬದಲಿಸುವ ಗ್ಯಾಸ್ಟ್ರಿಕ್ ಬೈಪಾಸ್‌ಗಿಂತ ಇದನ್ನು ಹೆಚ್ಚಾಗಿ ಆರಿಸಲು ಕಾರಣ, ಕರುಳಿನ ಹಾದಿ ಬದಲಾಗದೆ ಮುಂದೆ ಎಂಡೋಸ್ಕೋಪ್ ಮೂಲಕ ಪಿತ್ತನಾಳವನ್ನು ತಲುಪುವುದು ಸುಲಭವಾಗುತ್ತದೆ. ಅಮೆರಿಕದ ಮೇಯೊ ಕ್ಲಿನಿಕ್ ವೈದ್ಯರು ಯಕೃತ್ತಿನ ಕಸಿಯೊಂದಿಗೇ ಸ್ಲೀವ್ ಮಾಡಿದ ಅನುಭವವನ್ನು 2013ರಲ್ಲಿ ಪ್ರಕಟಿಸಿದ್ದರು. ಆದರೆ ಕಸಿಯಲ್ಲಿ ರೋಗಗ್ರಸ್ತ ಯಕೃತ್ತೇ ಹೊರಹೋಗುವುದರಿಂದ ಆ ಫಲಿತಾಂಶವನ್ನು ಇಲ್ಲಿಗೆ ನೇರವಾಗಿ ಅನ್ವಯಿಸಲಾಗದು.

ನನಗೆ ಹೆಚ್ಚು ಆತಂಕ ತರುವುದು ಪೋಷಣೆಯ ವಿಚಾರ. ಕತ್ತರಿಸಿದ ಯಕೃತ್ತು ಮತ್ತೆ ಬೆಳೆಯಲು ಸಾಕಷ್ಟು ಪ್ರೋಟೀನ್ ಬೇಕಿರುವ ವಾರಗಳಲ್ಲಿಯೇ, ಕಿರಿದಾದ ಜಠರದಿಂದಾಗಿ ರೋಗಿ ಹೆಚ್ಚು ಉಣ್ಣಲಾರ. ಸಿರೋಸಿಸ್‌ನಿಂದ (ಯಕೃತ್ತು ಗಾಯದ ಕಲೆಗಟ್ಟಿ ಗಡುಸಾಗುವ ಸ್ಥಿತಿ) ಕರುಳಿನಿಂದ ಯಕೃತ್ತಿಗೆ ರಕ್ತ ಒಯ್ಯುವ ಪೋರ್ಟಲ್ ರಕ್ತನಾಳದ ಒತ್ತಡ ಏರಿದ್ದರೆ ಜಠರದ ಸುತ್ತ ರಕ್ತಸ್ರಾವದ ಭಯವಿದೆ, ಹೊಲಿಗೆ ಸೋರಿದರೆ ಜೀವಕ್ಕೇ ಅಪಾಯ. ಆದ್ದರಿಂದ ಸಿರೋಸಿಸ್ ಮುಂದುವರಿದವರಲ್ಲಿ ಅಥವಾ ಯಕೃತ್ತಿನ ದೊಡ್ಡ ಭಾಗವನ್ನೇ ತೆಗೆಯಬೇಕಾದವರಲ್ಲಿ ಮೊದಲು ಕ್ಯಾನ್ಸರ್ ಚಿಕಿತ್ಸೆ ಮುಗಿಸಿ, ಚೇತರಿಸಿಕೊಂಡ ಮೇಲೆ ತೂಕದ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸುವುದೇ ಸುರಕ್ಷಿತ.